ಗಂಗಾಧರಪ್ಪನ ಕಿವಿ, ಯೆಜ್ಡಿಯ ಬೇರಿಂಗು

ನಮ್ಮ ಭಾವ ಗಂಗಾಧರಪ್ಪನವರು ಕಣ್ಣಿಗಿಂತ ಕಿವಿಯನ್ನು ನಂಬುವ ಮನುಷ್ಯ. ಭೀಮಸಮುದ್ರದ ಅಡಿಕೆ ಮಂಡಿಯೊಂದರಲ್ಲಿ ಗೋಟಡಿಕೆ ಆರಿಸುವುದು ಅವರ ಕಸುಬು. ಗೋಟು ಎಂದರೆ ಹಣ್ಣಾದ ಮೇಲೆ ಸಿಪ್ಪೆ ಸಮೇತ ಬಿಸಿಲಿಗೆ ಹಾಕಿ ಒಣಗಿಸಿದ ಅಡಿಕೆ. ಅದನ್ನು ಕಿವಿಯ ಹತ್ತಿರ ಹಿಡಿದು ಒಮ್ಮೆ ಅಲ್ಲಾಡಿಸುತ್ತಾರೆ. ಒಳಗಿನ ಕಾಯಿ ಗಲಗಲ ಎಂದರೆ ಒಣಗಿದೆ, ಚೀಲಕ್ಕೆ. ಸದ್ದಿಲ್ಲದಿದ್ದರೆ ಇನ್ನೂ ಹಸಿ, ಮತ್ತೆ ಕಣಕ್ಕೆ. ಬೇರೆಯವರು ಒಂದೊಂದನ್ನೇ ಒಡೆದು ನೋಡುವಷ್ಟರಲ್ಲಿ ಇವರು ಮೂಟೆ ಮುಗಿಸಿ ಎಲೆಯಡಿಕೆ ಹಾಕಿಕೊಂಡಿರುತ್ತಾರೆ. ಕಷ್ಟ ಏನೆಂದರೆ, ಆ ಕಿವಿಯನ್ನು ಅವರು ಸಂಜೆ ಮಂಡಿಯಲ್ಲೇ ಬಿಟ್ಟು ಬರುವುದಿಲ್ಲ.

ಕಲ್ಲಂಗಡಿಗೆ ಹೊಡೆದು ಕೇಳುತ್ತಾರೆ, ಸರಿ, ಅದು ಎಲ್ಲರೂ ಮಾಡುವುದೇ. ಆದರೆ ಬಿಸ್ಕತ್ತಿನ ಪೊಟ್ಟಣವನ್ನೂ ಹೊಸ ಚಪ್ಪಲಿಯನ್ನೂ ಕೊಳ್ಳುವ ಮೊದಲು ಕಿವಿಗೆ ಹಿಡಿಯುವವರನ್ನು ನಾನು ಬೇರೆ ಕಂಡಿಲ್ಲ. ನಮ್ಮ ಅಕ್ಕ ತಿಪ್ಪಮ್ಮನನ್ನು ನೋಡಲು ಬಂದಾಗಲೂ ಇವರು ತಲೆ ಎತ್ತಿ ಹುಡುಗಿಯ ಮುಖ ನೋಡಲಿಲ್ಲ. ನೆಂಟರಿಗೆಂದು ಮಾಡಿಟ್ಟ ಉಪ್ಪಿಟ್ಟಿಗೆ ಕೈ ಹಾಕಿದೆನೆಂದು ಅಕ್ಕ ಆಗ ಅಡುಗೆಮನೆಯಲ್ಲಿ ನನ್ನನ್ನು ಬಯ್ಯುತ್ತಿದ್ದಳು. ಹೊರಗೆ ಜಮಖಾನದ ಮೇಲೆ ಕುಳಿತ ಇವರು ಅದನ್ನೇ ಕೇಳುತ್ತಾ ತಲೆದೂಗಿದರು. "ದನಿ ಗಟ್ಟಿ ಐತೆ, ನಂಗೆ ಒಪ್ಪಿಗೆ" ಎಂದರು. ಆ ಒಂದು ಸಲ ಅವರ ಕಿವಿ ತಪ್ಪಲಿಲ್ಲ ಎಂದು ನಾನೂ ಒಪ್ಪುತ್ತೇನೆ.

ನಾನು ಹಾಲಸ್ವಾಮಿ, ಸಿರಿಗೆರೆಯಲ್ಲಿ ಚಿತ್ರಕಲೆಯ ಮೇಷ್ಟ್ರು. ನನಗೆ ರಜೆ ಬಂತೆಂದರೆ ಭಾವನವರಿಗೆ ಹಬ್ಬ. ಸ್ಪಾನರ್ ಹಿಡಿಯಲು, ಗಾಡಿ ತಳ್ಳಲು, ಅಕ್ಕನ ಬಯ್ಗುಳದಲ್ಲಿ ಅರ್ಧ ಪಾಲು ತೆಗೆದುಕೊಳ್ಳಲು ಅವರಿಗೊಬ್ಬ ಆಳು ಬೇಕು. ಭಾಮೈದನಿಗಿಂತ ಅಗ್ಗದ ಆಳು ಎಲ್ಲಿ ಸಿಗುತ್ತಾನೆ?

ಇಷ್ಟಕ್ಕೆಲ್ಲ ಕಾರಣ ಒಂದು ಹಳೆಯ ಯೆಜ್ಡಿ ಬೈಕು. ಪ್ರಾಯದಲ್ಲಿ ಭಾವನವರು ಅದರ ಮಡ್‌ಗಾರ್ಡ್ ಎತ್ತರಿಸಿ, ಸೈಲೆನ್ಸರ್ ಕತ್ತರಿಸಿ, ಗಂಟುಗಂಟಿನ ಟಯರು ಹಾಕಿಸಿ ಮಣ್ಣಿನ ರೇಸುಗಳಿಗೆ ಹೋಗುತ್ತಿದ್ದರು. ಹಿರಿಯೂರಿನಲ್ಲಿ ಒಮ್ಮೆ ಎರಡನೇ ಬಹುಮಾನ ಬಂದಿತ್ತು. ಆ ರೇಸಿನಲ್ಲಿ ಇದ್ದದ್ದೇ ಎರಡು ಗಾಡಿ ಎಂದು ಅಕ್ಕ ಪ್ರತಿಸಲ ಸೇರಿಸುತ್ತಾಳೆ. ಆಮೇಲೆ ಆ ಗಾಡಿ ವರ್ಷಗಟ್ಟಲೆ ಹಿತ್ತಲಿನಲ್ಲಿ ಟಾರ್ಪಾಲಿನ ಕೆಳಗೆ ನಿಂತಿತ್ತು. ಹೋದ ವರ್ಷ ಹೊಳಲ್ಕೆರೆಯ ಹುಡುಗರು ವಾಟ್ಸಾಪಿನಲ್ಲಿ ಸುದ್ದಿ ಬಿಟ್ಟರು: ಊರಾಚೆಯ ಹೊಲದಲ್ಲಿ ಮಣ್ಣಿನ ರೇಸು, ಅದರಲ್ಲಿ ಹಳೇ ಗಾಡಿಗಳಿಗೇ ಬೇರೆ ಪಂದ್ಯ, ಮೂರು ಸುತ್ತು. ಭಾವನವರು ಆ ಮೆಸೇಜನ್ನು ನನ್ನ ಕೈಯಲ್ಲಿ ಮತ್ತೆ ಮತ್ತೆ ಗಟ್ಟಿಯಾಗಿ ಓದಿಸಿ ಕೇಳಿದರು. ಮರುದಿನವೇ ಟಾರ್ಪಾಲು ಕಿತ್ತರು.

ಎಂಜಿನ್ ಬಿಚ್ಚಿದವರು ಚಿತ್ರದುರ್ಗದ ಲಾಲ್ ಸಾಬ್. ಅಪ್ಪನ ಕಾಲದಿಂದ ಗ್ಯಾರೇಜು ಇಟ್ಟಿರುವವರು, ಮಾತಿನಲ್ಲಿ ಮೃದು, ಒಮ್ಮೆ ಹೇಳಿದ್ದನ್ನು ಎರಡನೇ ಸಲ ಹೇಳದವರು. ಎಂಜಿನ್ನಿನ ನಡುವೆ ಕ್ರ್ಯಾಂಕ್ ಎಂಬ ದಪ್ಪನೆಯ ಉಕ್ಕಿನ ದಂಡ ತಿರುಗುತ್ತದೆ. ಅದರ ಎರಡೂ ತುದಿ ಎರಡು ಬೇರಿಂಗುಗಳ ಮೇಲೆ ಕೂತಿರುತ್ತದೆ. ಬೇರಿಂಗು ಎಂದರೆ ಒಂದರೊಳಗೊಂದು ಎರಡು ಬಳೆ, ನಡುವೆ ಉರುಳುವ ಗುಂಡುಗಳು. ನಮ್ಮ ಗಾಡಿಯ ಬೇರಿಂಗುಗಳು ತುಕ್ಕು ಹಿಡಿದು ಹೋಗಿದ್ದವು. ಲಾಲ್ ಸಾಬ್ ಹೊಸ ಜೋಡಿ ತಂದಿಟ್ಟರು. ಭಾವನವರು ಅದನ್ನು ಕಿವಿಗೆ ಹಿಡಿದು ಅಲ್ಲಾಡಿಸಿದರು. ಒಳಗಿನಿಂದ ಸಣ್ಣಗೆ ಚಿಟಿಚಿಟಿ ಸದ್ದು ಬಂತು.

"ಇದು ಸವೆದೈತೆ ಸಾಬ್ರೆ. ಅಡಿಕೆ ಗಲಗಲ ಅನ್ಬೇಕು, ಯಂತ್ರ ಸುಮ್ನಿರ್ಬೇಕು" ಎಂದರು ಭಾವ.

"ಅದು ಹಂಗೇ ಇರ್ಬೇಕು ಗಂಗಾಧರಪ್ಪೋರೆ" ಎಂದರು ಲಾಲ್ ಸಾಬ್, ಒಂದೇ ಸಲ.

ಭಾವನವರು ಅದೇ ನಂಬರಿನ, ಅದೇ ಅಳತೆಯ, ಅಲ್ಲಾಡಿಸಿದರೆ ಉಸಿರೂ ಬಿಡದ ಬೇರೆ ಜೋಡಿಯನ್ನು ಪೇಟೆಯಿಂದ ತಾವೇ ತಂದು ಹಟ ಹಿಡಿದು ಹಾಕಿಸಿದರು. ಗಾಡಿ ಬೇರಿಂಗಿನ ಸದ್ದಿಲ್ಲದೆ ಸೊಗಸಾಗಿ ಓಡಿತು, ಬಿಸಿಯಾಗುವ ತನಕ. ಊರಿಗೆ ವಾಪಸಾಗುವಾಗ ಅರ್ಧ ದಾರಿಯಲ್ಲಿ ಎಂಜಿನ್ ಕಚ್ಚಿಕೊಂಡು ನಿಂತಿತು. ಹಿಂದಿನ ಚಕ್ರ ಅಲ್ಲೇ ನಿಂತಿತು. ನಾವು ನಿಲ್ಲಲಿಲ್ಲ. ಇಬ್ಬರೂ ಯಾರದೋ ಮೆಕ್ಕೆಜೋಳದ ಹೊಲಕ್ಕೆ ಹಾರಿ ಬಿದ್ದೆವು. ಭಾವನವರು ಎದ್ದವರೇ ಗಾಡಿಯ ಹತ್ತಿರ ಓಡಿದರು. ನನ್ನ ಹಲ್ಲಿನ ಲೆಕ್ಕ ನಾನೇ ನೋಡಿಕೊಂಡೆ.

ಎರಡನೇ ಸಲ ಬುದ್ಧಿ ಬಂತೆಂದುಕೊಂಡೆ. ಎಲ್ಲಿಯ ಬುದ್ಧಿ! ಲಾಲ್ ಸಾಬ್ ಮಗಳ ಮನೆಗೆ ಹೋಗಿದ್ದ ಸಮಯ ನೋಡಿ, ಹೊಸದುರ್ಗದಲ್ಲಿ ಪಂಪ್‌ಸೆಟ್ಟಿನ ಅಂಗಡಿ ಇಟ್ಟಿರುವ ಒಬ್ಬ ಪರಿಚಯದವರ ಮಾತು ಕೇಳಿದರು. ಅವರು ಕೊಟ್ಟದ್ದು ಎರಡೂ ಕಡೆ ರಬ್ಬರ್ ಮುಚ್ಚಳ ಇರುವ ಬೇರಿಂಗು. "ಒಳಗೆ ಧೂಳಿನ ಒಂದು ಕಣ ಹೋಗಲ್ಲ ನೋಡು" ಎಂದು ಭಾವನವರು ನನಗೆ ವಿವರಿಸಿದರು. ನಿಜ, ಧೂಳು ಹೋಗಲಿಲ್ಲ. ಎಣ್ಣೆಯೂ ಹೋಗಲಿಲ್ಲ. ಈ ಹಳೇ ಗಾಡಿಗಳಲ್ಲಿ ಪೆಟ್ರೋಲಿಗೆ ಬೆರೆಸಿದ ಎಣ್ಣೆಯೇ ಸುತ್ತಾಡಿ ಬೇರಿಂಗನ್ನು ನೆನೆಸಬೇಕು. ಬಾಗಿಲು ಹಾಕಿಕೊಂಡು ಕೂತ ಬೇರಿಂಗು ಒಳಗೇ ಒಣಗಿ ಸುಟ್ಟುಹೋಯಿತು. ಹೊಸದುರ್ಗದ ರಸ್ತೆಯಲ್ಲಿ, ಮದುವೆಯ ದಿಬ್ಬಣವೊಂದರ ಎದುರಿಗೆ, ಯೆಜ್ಡಿ ಮತ್ತೆ ಕಚ್ಚಿಕೊಂಡಿತು. ಗಾಡಿಯೂ ನಾವಿಬ್ಬರೂ ಟ್ರಾಕ್ಟರಿನ ಮೇಲೆ ಸಿಮೆಂಟಿನ ಚೀಲಗಳ ನಡುವೆ ಕೂತು ಊರು ಸೇರಿದೆವು.

ಅಕ್ಕ ಬಾಗಿಲಲ್ಲೇ ನಿಂತಿದ್ದಳು. ಅವಳು ಕೂಗಾಡಲಿಲ್ಲ. ಅದನ್ನು ಕಂಡು ನನಗೆ ಭಯವಾಯಿತು.

"ಎರಡು ಸಲ ಆತು" ಎಂದಳು. "ಬಿದ್ರಿ, ಎದ್ರಿ, ದೇವ್ರು ದೊಡ್ಡೋನು. ಮೂರ್ನೇ ಸಲ ಇದು ಕಚ್ಕಂಡ್ರೆ ಗುಜರಿಗೆ. ನಾನೇ ಎತ್ತಿ ಹಾಕಿಸ್ತೀನಿ. ಆಮ್ಯಾಕೆ ನನ್ ಮುಂದೆ ಒಂದ್ ಮಾತು ಆಡಂಗಿಲ್ಲ."

ಅಕ್ಕ ಹೇಳಿದರೆ ಹೇಳಿದಂತೆಯೇ. ಒಮ್ಮೆ ಭಾವನವರ ಗ್ರಾಮಫೋನಿಗೂ ಇದೇ ಮಾತು ಹೇಳಿದ್ದಳು. ಈಗ ಅದರ ತುತ್ತೂರಿ ಅವರ ಹಿತ್ತಲ ತೊಟ್ಟಿಗೆ ನೀರು ಸುರಿಯುವ ಆಲಿಕೆಯಾಗಿದೆ. ಭಾವನವರ ಮುಖ ಬಾಡಿಹೋಯಿತು. ಅಂದು ಅವರು ಊಟದ ಹಪ್ಪಳವನ್ನೂ ಮುರಿದು ಸದ್ದು ಕೇಳದೆ ತಿಂದರು.

ಮುಂದಿನ ಭಾನುವಾರ ನಾವಿಬ್ಬರೂ ಲಾಲ್ ಸಾಬರ ಗ್ಯಾರೇಜಿನಲ್ಲಿ ತಲೆ ತಗ್ಗಿಸಿ ಕೂತೆವು. ಅವರು ಬಯ್ಯಲಿಲ್ಲ. ಟೀ ತರಿಸಿ, ಒಂದು ಬೇರಿಂಗು ತೆಗೆದು ಅದರ ಅಂಚಿನಲ್ಲಿ ಕೊರೆದಿದ್ದ ಗುರುತು ತೋರಿಸಿದರು.

"ಇಲ್ನೋಡ್ರಿ, ಸಿ ತ್ರೀ ಅಂತ ಐತೆ. ನಂಬರ್ ಒಂದೇ ಆದ್ರೂ ಒಳಗೆ ಸ್ವಲ್ಪ ಸಡ್ಲ ಬಿಟ್ಟಿರ್ತಾರೆ. ಬಿಗಿಯಾಗಿ ಕೂರಿಸ್ದಾಗ ಹೊರಗಿನ ಬಳೆ ಅಮುಕ್ತೈತೆ. ಓಡಿ ಬಿಸಿಯಾದ್ರೆ ಒಳಗಿನ ಬಳೆ ಹಿಗ್ತೈತೆ. ನಡುವೆ ಗುಂಡು ಉರುಳಾಕೆ ಜಾಗ ಬ್ಯಾಡ್ವಾ? ಮೊದ್ಲೇ ಬಿಗಿ ಇರೋದನ್ನ ಹಾಕಿದ್ರೆ ಉಸಿರು ಕಟ್ತೈತೆ."

ಭಾವನವರಿಗೆ ಇದು ತಲೆಗೆ ಹೋಗಲಿಲ್ಲ ಎಂದು ಅವರ ಮುಖವೇ ಹೇಳುತ್ತಿತ್ತು. ಲಾಲ್ ಸಾಬ್ ಸ್ವಲ್ಪ ಯೋಚಿಸಿ, ಒಂದು ದೊಡ್ಡ ತಪ್ಪು ಮಾಡಿದರು. "ನಿಮ್ ಗೋಟಡಿಕೆ ಇದ್ದಂಗೆ ಅಂದ್ಕಳ್ರಿ. ಗಲಗಲ ಅನ್ನೋದೇ ಒಳ್ಳೇದು" ಎಂದುಬಿಟ್ಟರು.

ಭಾವನವರ ಕಣ್ಣು ಬೆಳಗಿತು. "ಇದನ್ನ ಮೊದ್ಲೇ ಹೇಳ್ಬಾರ್ದಾ ಸಾಬ್ರೆ?" ಎಂದು ಎದ್ದು ನಿಂತು ಪಂಚೆ ಎತ್ತಿ ಕಟ್ಟಿಕೊಂಡರು. ಇನ್ನೂ ಏನೋ ಹೇಳಲು ಹೊರಟ ಲಾಲ್ ಸಾಬರ ಮಾತಿಗೆ ಕಾಯದೆ, ಬೆಂಚಿನ ಮೇಲಿದ್ದ ಬೇರಿಂಗುಗಳನ್ನೆಲ್ಲ ಒಂದೊಂದಾಗಿ ಕಿವಿಗೆ ಹಿಡಿಯತೊಡಗಿದರು. ಹೊಸ ಡಬ್ಬಿಯಿಂದ ತೆಗೆದದ್ದೆಲ್ಲ ಸಣ್ಣಗೆ ಚಿಟಿಚಿಟಿ ಎನ್ನುತ್ತಿತ್ತು. "ಇನ್ನೂ ಸ್ವಲ್ಪ ಹಸಿ" ಎಂದು ಬದಿಗಿಟ್ಟರು. ಕೊನೆಗೆ ಮೂಲೆಯ ತಟ್ಟೆಯೊಂದಕ್ಕೆ ಕೈ ಹಾಕಿ, ಒಂದನ್ನು ಅಲ್ಲಾಡಿಸಿ, ಕಣ್ಣು ಮುಚ್ಚಿದರು.

"ಇದು!" ಎಂದರು. "ಲೇ ಹಾಲಸ್ವಾಮಿ, ಕೇಳ್ನೋಡು. ಎಂಥಾ ಗಲಗಲ! ಸಾಬ್ರೆ, ಇದನ್ನೇ ಹಾಕ್ರಿ. ಇದ್ರ ಜೋಡಿನೂ ಇಲ್ಲೇ ಐತೆ."

ಲಾಲ್ ಸಾಬ್ ಎದ್ದು ಬಂದು ನೋಡಿದರು. ಅದರ ತುಕ್ಕನ್ನು ಹೆಬ್ಬೆರಳಿನಿಂದ ಉಜ್ಜಿದರು. "ಗಂಗಾಧರಪ್ಪೋರೆ, ಅದು ಮೊದ್ಲು ನಿಮ್ ಎಂಜಿನ್ನಿಂದ ನಾನೇ ಕಿತ್ತು ಬಿಸಾಕಿದ್ದು" ಎಂದರು.

ನಾನು ನಕ್ಕಿದ್ದಕ್ಕೆ ಭಾವನವರು ಎರಡು ದಿನ ನನ್ನೊಡನೆ ಮಾತು ಬಿಟ್ಟರು. ಕೊನೆಗೆ ಲಾಲ್ ಸಾಬ್ ಆರಿಸಿದ, ಮುಚ್ಚಳ ಇಲ್ಲದ, ಸಿ ತ್ರೀ ಗುರುತಿನ ಜೋಡಿಯೇ ಗಟ್ಟಿಯಾಯಿತು. ಆದರೆ ಭಾವನವರದು ಒಂದು ಷರತ್ತು: ಕೂರಿಸುವ ಕೆಲಸ ತಮ್ಮ ಮನೆಯಲ್ಲೇ ಆಗಬೇಕು. ಗ್ಯಾರೇಜಿನ ಪಕ್ಕ ಹೆದ್ದಾರಿ, ಲಾರಿಗಳ ಗಲಾಟೆಯಲ್ಲಿ ಬೇರಿಂಗಿನ ದನಿ ಕೇಳಿಸುವುದಿಲ್ಲವಂತೆ. ಲಾಲ್ ಸಾಬ್ ನಿಟ್ಟುಸಿರು ಬಿಟ್ಟು, ಎಂಜಿನ್ನಿನ ಭಾಗಗಳನ್ನು ಗೋಣಿಚೀಲದಲ್ಲಿ ಕಟ್ಟಿಕೊಂಡು ಭೀಮಸಮುದ್ರಕ್ಕೆ ಬಂದರು.

ಕ್ರ್ಯಾಂಕ್ ಕೂರುವ ಅಲ್ಯೂಮಿನಿಯಮ್ ಪೆಟ್ಟಿಗೆಯನ್ನು ಬಿಸಿ ಮಾಡಬೇಕು, ಬೇರಿಂಗನ್ನು ತಣ್ಣಗೆ ಮಾಡಬೇಕು. ಆಗ ಪೆಟ್ಟಿಗೆ ಹಿಗ್ಗಿ, ಬೇರಿಂಗು ಕುಗ್ಗಿ, ಸುತ್ತಿಗೆಯ ಏಟಿಲ್ಲದೆ ತಾನಾಗಿ ಒಳಗೆ ಕೂರುತ್ತದೆ. ಹಾಗಾಗಿ ಹಿಂದಿನ ದಿನವೇ ಬೇರಿಂಗುಗಳು ಅಕ್ಕನ ಫ್ರಿಜ್ಜಿನ ಐಸಿನ ಗೂಡು ಸೇರಿದ್ದವು. ಬೆಳಿಗ್ಗೆ ಸ್ನಾನ ಮಾಡಿದ ಭಾವನವರು, ತಲೆ ಒರೆಸಿಕೊಳ್ಳುವ ಮೊದಲೇ ಹೋಗಿ ಒಂದನ್ನು ತೆಗೆದು ಕಿವಿಗೆ ಹಿಡಿದರು. ಒದ್ದೆ ಕಿವಿ, ಹೆಪ್ಪುಗಟ್ಟಿದ ಉಕ್ಕು. ಅಂಟಿಕೊಂಡಿತು.

"ಅಯ್ಯಯ್ಯೋ, ಬಿಡಿಸ್ರೋ!" ಎಂಬ ಕೂಗಿಗೆ ನಾವು ಓಡಿ ಬಂದರೆ, ಭಾವನವರು ಫ್ರಿಜ್ಜಿನ ಮುಂದೆ ಕಿವಿಗೆ ಬೇರಿಂಗಿನ ಲೋಲಾಕು ತೊಟ್ಟು ಕುಣಿಯುತ್ತಿದ್ದರು. ಅಕ್ಕ ಬಿಸಿನೀರಿನ ಚೊಂಬು ತಂದಳು. "ನೀರು ಬ್ಯಾಡ ತಂಗೀ, ಬೇರಿಂಗ್ ತುಕ್ಕು ಹಿಡಿತೈತೆ!" ಎಂದು ಲಾಲ್ ಸಾಬ್ ಅಡ್ಡ ಬಂದರು. ಅವರ ಚಿಂತೆ ಭಾವನವರ ಕಿವಿಯದಾಗಿರಲಿಲ್ಲ. ಅಷ್ಟರಲ್ಲಿ ಮೈಯ ಬಿಸಿಗೇ ಅದು ಬಿಟ್ಟುಕೊಂಡಿತು. ಲಾಲ್ ಸಾಬ್ ಅದನ್ನು ಒರೆಸಿ, ಎಣ್ಣೆ ಸವರಿ, ಮತ್ತೆ ಐಸಿನ ಗೂಡಿಗೆ ಇಟ್ಟು, ಫ್ರಿಜ್ಜಿಗೆ ನನ್ನನ್ನು ಕಾವಲು ನಿಲ್ಲಿಸಿದರು.

ಎಂಜಿನ್ನಿನ ಪೆಟ್ಟಿಗೆ ರೊಟ್ಟಿ ಹಂಚಿನ ಮೇಲೆ ಕಾಯತೊಡಗಿತು. ಅಕ್ಕ ಗೊಣಗುತ್ತಲೇ ಉರಿ ಹೆಚ್ಚುಕಡಿಮೆ ಮಾಡುತ್ತಿದ್ದಳು. ನಡುವೆ ದೇವರ ಮನೆಯಿಂದ ವಿಭೂತಿ, ಕುಂಕುಮ ತಂದು, "ಈ ಸಲನಾದ್ರೂ ನೆಟ್ಟಗಿರ್ಲಿ" ಎಂದು ಬೇರಿಂಗಿಗೆ ಹಚ್ಚಲು ಹೋದಳು. ಲಾಲ್ ಸಾಬ್ ಕೈ ಮುಗಿದುಬಿಟ್ಟರು.

"ತಂಗೀ, ಟ್ಯಾಂಕಿಗೆ ಹಚ್ಚು, ಹೆಡ್‌ಲೈಟಿಗೆ ಹಚ್ಚು, ಬೇಕಾದ್ರೆ ನನ್ ಹಣೆಗೂ ಹಚ್ಚು. ಬೇರಿಂಗಿಗೆ ಮಾತ್ರ ಬ್ಯಾಡ. ಅದಕ್ಕೆ ಕುಂಕುಮಾನೂ ಒಂದೇ, ರೋಡಿನ ಮಣ್ಣೂ ಒಂದೇ."

ಕಾದಿದೆಯೇ ನೋಡಲು ಲಾಲ್ ಸಾಬ್ ಪೆಟ್ಟಿಗೆಗೆ ಹಾಕಿದ ಒಂದು ಹನಿ ನೀರು ಚುಯ್ ಎಂದು ಹಾರಿಹೋಯಿತು. ನಾನು ಓಡಿಹೋಗಿ ಬೇರಿಂಗು ತಂದೆ. ಲಾಲ್ ಸಾಬ್ ಎರಡು ಬೆರಳಲ್ಲಿ ಹಿಡಿದು ಬಿಟ್ಟರು. ಅದು ಟಣ್ಣೆಂದು ತನ್ನ ಜಾಗಕ್ಕೆ ಇಳಿದು ಕೂತಿತು. ಎರಡನೆಯದೂ ಹಾಗೆಯೇ. ಭಾವನವರು ಮಕ್ಕಳಂತೆ ಚಪ್ಪಾಳೆ ತಟ್ಟಿದರು.

ರೇಸಿನ ದಿನ ಹೊಳಲ್ಕೆರೆಯ ಆ ಹೊಲದಲ್ಲಿ ನೂರಾರು ಜನ, ಮೈಕು, ಮಂಡಕ್ಕಿ ಮೆಣಸಿನಕಾಯಿಯ ಗಾಡಿಗಳು. ದಾರಿಯಲ್ಲಿ ಬಿಸಿಯಾಗಿ ಕಚ್ಚಿಕೊಂಡೀತೆಂಬ ಭಯಕ್ಕೆ ಯೆಜ್ಡಿಯನ್ನು ಓಡಿಸದೆ ಟ್ರಾಕ್ಟರಿನ ಮೇಲೆ ತಂದಿದ್ದೆವು. ಒಂದು ಬದಿಯಲ್ಲಿ ಖಾಲಿ ಲಗೇಜ್ ಆಟೊ ನಿಲ್ಲಿಸಿಕೊಂಡು ಒಬ್ಬರು ಆರಾಮಾಗಿ ಮಂಡಕ್ಕಿ ತಿನ್ನುತ್ತಿದ್ದರು. ಭೀಮಸಮುದ್ರದ ಗುಜರಿ ಅಂಗಡಿಯ ನಾಗಣ್ಣ. ಇವರಿಗೇನು ರೇಸಿನ ಹುಚ್ಚು ಎಂದು ವಿಚಾರಿಸಿದೆ.

"ರೇಸ್ ನೋಡಾಕಲ್ಲಪ್ಪ. ನಿಮ್ಮಕ್ಕಾರು ಫೋನ್ ಮಾಡಿ ಬಾ ಅಂದಿದ್ರು" ಎಂದರು ನಾಗಣ್ಣ.

ಭಾವನವರಿಗೂ ಅದು ಕೇಳಿಸಿತು. ಬಣ್ಣ ಹೋದ ಹೆಲ್ಮೆಟ್ಟಿನೊಳಗೆ ಅವರ ಮುಖ ಇನ್ನೂ ಸಣ್ಣದಾಯಿತು. ಅಕ್ಕನ ಮೇಲೆ ನನಗೆ ಆ ಹೊತ್ತು ನಿಜವಾಗಿಯೂ ಸಿಟ್ಟು ಬಂತು. ಇಷ್ಟೂ ಕರುಣೆ ಬೇಡವೇ?

ಆರು ಹಳೇ ಗಾಡಿಗಳು ಸಾಲಾಗಿ ನಿಂತವು. ಬಾವುಟ ಬಿತ್ತು. ಭಾವನವರು ಹೊರಟರು. ಕತ್ತರಿಸಿದ ಸೈಲೆನ್ಸರಿನ ಆ ಆರ್ಭಟದಲ್ಲಿ ಬೇರಿಂಗಿನ ಚಿಟಿಚಿಟಿ ಕೇಳಿಸುವುದು ಲೋಕದಲ್ಲಿ ಅವರೊಬ್ಬರಿಗೇ ಇರಬೇಕು. ಮೊದಲ ಸುತ್ತಿನಲ್ಲಿ ನಮ್ಮೆದುರು ಹಾದಾಗ ಎಡಗೈ ಎತ್ತಿ ಕಿವಿ ತೋರಿಸಿ ನಕ್ಕರು. ಗಲಗಲ ಚೆನ್ನಾಗಿದೆ ಎಂದು ಅದರ ಅರ್ಥ. ಎರಡನೇ ಸುತ್ತಿನಲ್ಲಿ ಮುಂದಿದ್ದ ಇಬ್ಬರು ಒಬ್ಬರಿಗೊಬ್ಬರು ತಗುಲಿ ಬಿದ್ದರು. ಭಾವನವರು ಎರಡನೆಯವರಾದರು. ನಾನು ಮೇಷ್ಟ್ರು ಎಂಬುದನ್ನು ಮರೆತು ಶಿಳ್ಳೆ ಹಾಕಿದೆ.

ಆಗ, ಆಚೆ ತುದಿಯ ತಿರುವಿನಲ್ಲಿ, ಯೆಜ್ಡಿಯ ಸದ್ದು ನಿಂತಿತು. ಗಾಡಿ ನಾಲ್ಕು ಮಾರು ಉರುಳಿ ಬದುವಿನ ಪಕ್ಕ ನಿಂತುಹೋಯಿತು.

"ಅಯ್ಯೋ, ಭೀಮಸಮುದ್ರದ ಯೆಜ್ಡಿ ಜಾಮ್! ಹಿರಿಯರ ಗಾಡಿ ಜಾಮ್!" ಎಂದು ಮೈಕು ಕೂಗಿತು. ನಾಗಣ್ಣ ಕೈಗೆ ಅಂಟಿದ್ದ ಮಂಡಕ್ಕಿ ಕೊಡವಿಕೊಂಡು ಆಟೊ ಸ್ಟಾರ್ಟ್ ಮಾಡಿದರು. ಅಕ್ಕ ಸೆರಗು ಸಿಕ್ಕಿಸಿಕೊಂಡು ಹೊಲದ ನಡುವೆ ನಡೆದಳು. ಲಾಲ್ ಸಾಬ್ ಮತ್ತು ನಾನು ಹಿಂದೆ ಓಡಿದೆವು.

ಭಾವನವರು ಗಾಡಿಗೆ ಅಡ್ಡವಾಗಿ ಕೈ ಚಾಚಿ ನಿಂತಿದ್ದರು. ಹೆಲ್ಮೆಟ್ ಕೆಳಗೆ ಬಿದ್ದಿತ್ತು. ಕಣ್ಣು ತುಂಬಿಕೊಂಡಿತ್ತು. ಇಷ್ಟು ವರ್ಷದಲ್ಲಿ ಅವರನ್ನು ನಾನು ಹಾಗೆ ಕಂಡಿರಲಿಲ್ಲ.

"ಕಚ್ಕಂಡಿಲ್ಲ ಕಣೇ" ಎಂದರು ಅಕ್ಕನಿಗೆ, ಏದುಸಿರಿನಲ್ಲಿ. "ಸದ್ದು ಕಮ್ಮಿ ಆಗ್ತಾ ಬಂತು. ಗಲಗಲ ಪೂರ್ತಿ ಹೋಗ್ಬಿಡ್ತು. ಕಚ್ಕಣಾಕೆ ಮುಂಚೇನೇ ನಾನೇ ಆಫ್ ಮಾಡ್ದೆ. ಕಚ್ಕಂಡ್ರೆ ತಾನೇ ಗುಜರಿಗೆ? ಇದು ಕಚ್ಕಂಡಿಲ್ಲ. ರೇಸ್ ಹೋದ್ರೆ ಹೋಗ್ಲಿ, ಗಾಡಿ ಕೊಡ್ಬ್ಯಾಡ."

ಲಾಲ್ ಸಾಬ್ ತಲೆಯ ಮೇಲೆ ಕೈ ಹೊತ್ತು ಬದುವಿನ ಮೇಲೆ ಕುಳಿತುಬಿಟ್ಟರು. "ಬಿಸಿಯಾದ್ಮೇಲೆ ಸದ್ದು ಅಡಗ್ಬೇಕು ಗಂಗಾಧರಪ್ಪೋರೆ! ಒಳಗಿನ ಬಳೆ ಹಿಗ್ಗಿ ಸಡ್ಲ ಮುಚ್ತೈತೆ. ಅವತ್ತು ಇದನ್ನೇ ಹೇಳಾಕ್ ಬಂದೆ, ನೀವು ಎದ್ದೋದ್ರಿ. ಸದ್ದು ಹೋತು ಅಂದ್ರೆ ಬೇರಿಂಗ್ ಸರಿಯಾಗಿ ಕುಂತೈತೆ ಅಂತ."

ಭಾವನವರು ನಂಬಲಿಲ್ಲ. ನಂಬುವ ಧೈರ್ಯ ಇರಲಿಲ್ಲ ಎನ್ನಬೇಕು. ಕಿಕ್ಕರ್ ಮುಟ್ಟಿ ನೋಡಲೂ ಒಪ್ಪಲಿಲ್ಲ. ಒದ್ದಾಗ ಅಲುಗದಿದ್ದರೆ ಕತೆ ಮುಗಿಯಿತಲ್ಲ! ನಾಗಣ್ಣನ ಆಟೊ ಹತ್ತಿರ ಬಂದು ನಿಂತಿತು.

ಅಕ್ಕ ಗಂಡನನ್ನೇ ನೋಡುತ್ತಿದ್ದಳು. ಆಮೇಲೆ ಅವರ ಚಾಚಿದ ಕೈಯನ್ನು ಮೆಲ್ಲಗೆ ಸರಿಸಿದಳು. ಸೀರೆಯನ್ನು ಒಂದು ಗೇಣು ಎತ್ತಿ ಹಿಡಿದು ಯೆಜ್ಡಿಯ ಎಡಬದಿಗೆ ಹೋದಳು. ಅದರಲ್ಲಿ ಬೇರೆ ಕಿಕ್ಕರ್ ಇಲ್ಲ, ಗೇರು ಹಾಕುವ ಕಡ್ಡಿಯನ್ನೇ ಮೇಲೆತ್ತಿ ಒದೆಯಬೇಕು. ಗೊತ್ತಿಲ್ಲದವರು ಅರ್ಧ ದಿನ ಹುಡುಕುತ್ತಾರೆ. ಅಕ್ಕ ಹುಡುಕಲಿಲ್ಲ. ಕಡ್ಡಿ ಎತ್ತಿ ಒಂದೇ ಒದೆ ಒದ್ದಳು.

ಯೆಜ್ಡಿ ಹೊಲವೆಲ್ಲ ಅದುರುವಂತೆ ಶುರುವಾಯಿತು.

ನಾಗಣ್ಣನಿಗೆ ಅಕ್ಕ ಹೋಗು ಎಂದು ಕೈಸನ್ನೆ ಮಾಡಿದಳು. ಅಷ್ಟರಲ್ಲಿ ಉಳಿದವರೆಲ್ಲ ಮೂರು ಸುತ್ತು ಮುಗಿಸಿ ಇಳಿದಾಗಿತ್ತು. ಮೈಕಿನವನು ಯಾರದೋ ಹೆಸರು ಹಿಡಿದು ಬಹುಮಾನ ಕೂಗುತ್ತಿದ್ದ. ಭಾವನವರು ಸೀಟಿನ ಮೇಲೆ ಕೈಯಿಟ್ಟು ಹಾಗೇ ನಿಂತಿದ್ದರು.

"ಇನ್ನೊಂದ್ ಸುತ್ತು ಐತಲ್ಲ, ಹೋಗ್ರಿ" ಎಂದಳು ಅಕ್ಕ.

"ಮತ್ತೆ ಸದ್ದು ಹೋದ್ರೆ?" ಎಂದರು ಭಾವ. "ಅದು ಸರಿ ಇರೋದಕ್ಕೆ ಹೋಗೈತಾ, ಕೆಟ್ಟಿರೋದಕ್ಕೆ ಹೋಗೈತಾ, ನಂಗೆ ಹೆಂಗೆ ಗೊತ್ತಾಗ್ಬೇಕು? ನನ್ ಕಿವಿ ಮ್ಯಾಲೆ ನಂಗೆ ನಂಬ್ಕೆ ಇಲ್ಲದಂಗಾತು ತಿಪ್ಪಿ."

ಬೆಳಿಗ್ಗೆ ಹೊಳಲ್ಕೆರೆ ಪೇಟೆಯಲ್ಲಿ ಅಕ್ಕ ದೀಪಕ್ಕೆಂದು ಹೂಬತ್ತಿಯ ಪೊಟ್ಟಣ ಕೊಂಡಿದ್ದಳು. ಕೈಚೀಲದಿಂದ ಅದನ್ನು ತೆಗೆದು, ಎರಡು ಬತ್ತಿ ಉಂಡೆ ಮಾಡಿ, ಒಂದನ್ನು ಭಾವನವರ ಬಲಗಿವಿಗೆ ತುರುಕಿದಳು. ಎಡಗಿವಿಗೆ ತುರುಕುವ ಮೊದಲು ಬಾಯಿಯನ್ನು ಹತ್ತಿರ ತಂದು ಹೇಳಿದಳು.

"ಈ ಒಂದ್ ಸುತ್ತು ನೀವು ಏನೂ ಕೇಳ್ಬ್ಯಾಡ್ರಿ. ಸುಮ್ನೆ ಓಡಿಸ್ರಿ. ನಾನು ಕೇಳಿಸ್ಕಂತೀನಿ."

ಭಾವನವರು ಗಾಡಿ ಏರಿ ಕೂತರು. ಖಾಲಿ ಹೊಲದಲ್ಲಿ ಒಂಟಿಯಾಗಿ ಹೊರಟರು. ಮೊದಲು ಅಂಜುತ್ತಾ, ಆಮೇಲೆ ಬಗ್ಗಿ, ಆಮೇಲೆ ಒಂದು ದಿಬ್ಬದಿಂದ ಎರಡೂ ಚಕ್ರ ನೆಲ ಬಿಟ್ಟು ಹಾರಿ. ಅವರು ಕೂಗುತ್ತಿದ್ದರು. ಏನು ಕೂಗುತ್ತಿದ್ದಾರೆ ಎಂದು ಅವರಿಗೇ ಕೇಳಿಸುತ್ತಿರಲಿಲ್ಲ. ಇಷ್ಟು ದಿನದ ನನ್ನ ಸಿಟ್ಟೆಲ್ಲ ಎಲ್ಲಿ ಹೋಯಿತೋ, ಕಣ್ಣು ಒರೆಸಿಕೊಂಡೆ. ಅಕ್ಕ ಬದುವಿನ ತುದಿಯಲ್ಲಿ, ಕಿವಿಯ ಹಿಂದೆ ಅಂಗೈ ಒಡ್ಡಿ, ಆ ಸದ್ದು ಹೋದ ಕಡೆಗೆಲ್ಲ ತಲೆ ತಿರುಗಿಸುತ್ತಾ ನಿಂತಿದ್ದಳು.

"ಅಕ್ಕಾ, ನೋಡೇ ಭಾವನ್ನ..." ಎಂದು ನಾನು ಬಾಯಿ ತೆರೆದೆ.

"ಸುಮ್ನಿರೋ" ಎಂದಳು ಅಕ್ಕ. "ನಂಗೆ ಕೇಳ್ಬೇಕು."